1943ರ ಪರ್ಯಾಯ ಫಿಲ್ಲೀಸ್ ಸೀಸನ್: ಜಾಶ್ ಗಿಬ್ಸನ್ ಸರಾಸರಿ 0.440 ದಾಟುತ್ತಿದೆ, ತಂಡ 120 ಪಂದ್ಯ ಗೆಲ್ಲುತ್ತಿದೆ. ಎಲ್ಲಿ ಸರಿಪಡಿಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ 1943ರ ಸೀಸನ್ನನ್ನು ಪರ್ಯಾಯ ಇತಿಹಾಸದ ರೂಪದಲ್ಲಿ ಆಡಿಸಿ ನೋಡುವ ಸಿಮ್ಯುಲೇಷನ್ ಪ್ರೋಗ್ರಾಂ ಒಂದನ್ನು ಪೈಥಾನ್‌ನಲ್ಲಿ ಬರೆದಿದ್ದೇನೆ. ಹಣದ ಮುಗ್ಗಟ್ಟಿನಲ್ಲಿದ್ದ ಫಿಲಡೆಲ್ಫಿಯಾ ಫಿಲ್ಲೀಸ್ ತಂಡವನ್ನು ಕೊಂಡು, ಬಣ್ಣಭೇದದಿಂದ ಮೇಜರ್ ಲೀಗ್‌ನ ಹೊರಗುಳಿದ ಕಪ್ಪು ಆಟಗಾರರ ನೀಗ್ರೋ ಲೀಗ್‌ಗಳಿಂದ ಶ್ರೇಷ್ಠ ಆಟಗಾರರನ್ನು ಅದರಲ್ಲಿ ಸೇರಿಸಿ 1943ರಲ್ಲಿ ಕಣಕ್ಕಿಳಿಸಲು ತಾನು ಯೋಜಿಸಿದ್ದುದಾಗಿಯೂ, ವಿಷಯವನ್ನು ಮೇಜರ್ ಲೀಗ್ ಮುಖ್ಯಸ್ಥರಾದ ಕಮಿಷನರ್ ಲ್ಯಾಂಡಿಸ್ ಅವರಿಗೆ ತಿಳಿಸಿದ ಮೇಲೆ ತಂಡ ಕೈತಪ್ಪಿಹೋದುದಾಗಿಯೂ ಬೇಸ್‌ಬಾಲ್ ತಂಡಗಳ ಮಾಲೀಕರಾಗಿದ್ದ ಬಿಲ್ ವೆಕ್ 1962ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಈ ಮಾತು ಎಷ್ಟು ನಿಜವೆಂಬುದರ ಬಗ್ಗೆ 1990ರ ದಶಕದಿಂದ ಸಂಶೋಧಕರಲ್ಲಿ ವಾದವಿದೆ. ನನ್ನ ಪ್ರೋಗ್ರಾಮಿನಲ್ಲಿ ಮಾತ್ರ ಯೋಜನೆ ಕೈಗೂಡುತ್ತದೆ: ಜಾಶ್ ಗಿಬ್ಸನ್, ಬಕ್ ಲೆನರ್ಡ್, ಕೂಲ್ ಪಾಪಾ ಬೆಲ್, ಮಾಂಟಿ ಅರ್ವಿನ್, ಸ್ಯಾಚೆಲ್ ಪೇಜ್ ಐವರೂ ಫಿಲ್ಲೀಸ್ ತಂಡದಲ್ಲಿದ್ದಾರೆ.

ಹದಿನಾರು ತಂಡಗಳ ಅಂಕಿಗಳನ್ನು ಬೇಸ್‌ಬಾಲ್ ಅಂಕಿಅಂಶಗಳ ಲಾಹ್‌ಮನ್ ಡೇಟಾಬೇಸಿನಿಂದಲೂ, ಈ ಐವರ ಅಂಕಿಗಳನ್ನು 2024ರಲ್ಲಿ ಮೇಜರ್ ಲೀಗ್ ದಾಖಲೆಗಳಿಗೆ ಸೇರಿದ ಕೋಷ್ಟಕಗಳಿಂದಲೂ ತೆಗೆದುಕೊಂಡಿದ್ದೇನೆ. ಪ್ರತಿ ಬ್ಯಾಟಿಂಗ್ ಸರದಿಯಲ್ಲಿಯೂ ಬ್ಯಾಟರನ ದರಕ್ಕೆ, ಪಿಚರನ (ಚೆಂಡು ಎಸೆಯುವವನ) ದರ ಲೀಗ್ ಸರಾಸರಿಗಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಇದೆಯೋ ಅಷ್ಟನ್ನು ಕೂಡಿಸಿ ಅಥವಾ ಕಳೆದು ಫಲಿತಾಂಶವನ್ನು ನಿರ್ಧರಿಸುತ್ತೇನೆ. ಹಲವು ನೂರು ಸಲ ಓಡಿಸಿದರೂ ಗಿಬ್ಸನ್ ಅವರ ಬ್ಯಾಟಿಂಗ್ ಸರಾಸರಿ (ಹಿಟ್‌ಗಳನ್ನು ಸರದಿಗಳಿಂದ ಭಾಗಿಸಿದ ಅಂಕಿ) ಬಹುಪಾಲು 0.440ರ ಮೇಲೆಯೇ ನಿಲ್ಲುತ್ತದೆ, ಫಿಲ್ಲೀಸ್ 154 ಪಂದ್ಯಗಳಲ್ಲಿ 120ಕ್ಕೂ ಹೆಚ್ಚನ್ನು ಗೆಲ್ಲುತ್ತದೆ. 1906ರ ಶಿಕಾಗೊ ಕಬ್ಸ್ ಗೆದ್ದ 116 ಪಂದ್ಯಗಳನ್ನು ಪ್ರತಿ ಸಲವೂ ಮೀರುವ ತಂಡವನ್ನು ನಂಬುವುದು ಕಷ್ಟ. ಈ ಆಟಗಾರರ ಸಾಮರ್ಥ್ಯವನ್ನು ಕೃತಕವಾಗಿ ಕುಗ್ಗಿಸಲು ನನಗೆ ಮನಸ್ಸಿಲ್ಲ; ಅವಕಾಶ ಸಿಗದವರಿಗೆ ಕಾಗದದ ಮೇಲಾದರೂ ನ್ಯಾಯವಾದ ಒಂದು ಸೀಸನ್ ಸಿಗಲಿ ಎಂಬುದೇ ಈ ಕೆಲಸದ ಉದ್ದೇಶ. ಎಲ್ಲಿ ಸರಿಪಡಿಸಬೇಕೆಂದು ತಿಳಿದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ಆಟಗಾರರ ಅಂಕಿಗಳಿಗೆ ಕೈಹಾಕುವ ಮೊದಲು ದೋಷ ಯಾವ ಭಾಗದಲ್ಲಿದೆ ಎಂಬುದನ್ನು ಬೇರ್ಪಡಿಸಿಕೊಳ್ಳಿ. ಐವರನ್ನೂ ತೆಗೆದು, 1943 ನಿಜವಾಗಿ ನಡೆದಂತೆಯೇ ಆಡಿಸಿ ನೋಡಿ. ಆ ವರ್ಷ ಸೇಂಟ್ ಲೂಯಿಸ್ ಕಾರ್ಡಿನಲ್ಸ್ 105 ಗೆದ್ದು 49 ಸೋತಿತು, ಫಿಲ್ಲೀಸ್ 64 ಗೆದ್ದು 90 ಸೋತಿತು. 154 ಪಂದ್ಯಗಳ ಸೀಸನ್ನಿನಲ್ಲಿ ಬರೀ ಅದೃಷ್ಟದಿಂದಲೇ ಆರು ಗೆಲುವಿನಷ್ಟು ಏರಿಳಿತ ಸಹಜ. ಹಲವು ಓಟಗಳ ಸರಾಸರಿ ಈ ಸಂಖ್ಯೆಗಳ ಆಸುಪಾಸಿನಲ್ಲಿ ಬಂದರೆ ಪಂದ್ಯ ನಡೆಸುವ ಕೋಡ್ ಸರಿಯಾಗಿದೆ ಎಂದುಕೊಳ್ಳಬಹುದು. ಆಮೇಲೆ, ಪರ್ಯಾಯ ಸೀಸನ್ನಿನಲ್ಲಿ ಪೇಜ್ ಒಟ್ಟು ಎಷ್ಟು ಇನ್ನಿಂಗ್ಸ್ ಎಸೆದಿದ್ದಾರೆ ಎಂಬುದನ್ನು ಮುದ್ರಿಸಿ ಇಲ್ಲಿ ಹಾಕಿ. ಗಿಬ್ಸನ್ ಒಬ್ಬರ ಬ್ಯಾಟಿನಿಂದಲೇ ತಂಡಕ್ಕೆ ಐವತ್ತಕ್ಕೂ ಹೆಚ್ಚು ಗೆಲುವು ಕೂಡಿಬರುವುದು ಅಸಾಧ್ಯವಾದುದರಿಂದ ನನ್ನ ಅನುಮಾನ ಪಿಚಿಂಗ್ ಕಡೆಗಿದೆ.

ಪ್ರಶ್ನಿಸಿದವರು

ನೀವು ಹೇಳಿದಂತೆ ಮಾಡಿದೆ, ಸರ್. ನಿಜವಾದ ತಂಡಗಳೊಂದಿಗೆ ಕಾರ್ಡಿನಲ್ಸ್ ನೂರರ ಮೇಲೆ, ಫಿಲ್ಲೀಸ್ ಅರವತ್ತರ ನಡುವಿನಲ್ಲಿ ಬರುತ್ತಿವೆ. ಪೇಜ್ ಅವರ ಇನ್ನಿಂಗ್ಸ್ ಮಾತ್ರ 500 ದಾಟಿದೆ. ಕಾರಣವೂ ತಿಳಿಯಿತು: ಉಳಿದ ತಂಡಗಳಿಗೆ ಪ್ರತಿ ಪಂದ್ಯದ ಆರಂಭಿಕ ಪಿಚರ್ ಯಾರೆಂಬುದನ್ನು ಹಳೆಯ ಪಂದ್ಯಗಳ ವಿವರವಿರುವ ರೆಟ್ರೊಶೀಟ್ ದಾಖಲೆಯಿಂದ ಓದಿಸುತ್ತಿದ್ದೇನೆ, ಪರ್ಯಾಯ ಫಿಲ್ಲೀಸ್‌ಗೆ ಅಂಥ ದಾಖಲೆ ಇಲ್ಲದ ಕಾರಣ, ಲಭ್ಯರಲ್ಲಿ ಇಆರ್‌ಎ (ಪಿಚರ್ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಬಿಟ್ಟುಕೊಡುವ ರನ್) ಕಡಿಮೆ ಇರುವವರನ್ನು ಆರಿಸುವ ಫಂಕ್ಷನ್ ಓಡುತ್ತಿದೆ. ಅದರಲ್ಲಿ ವಿಶ್ರಾಂತಿಯ ನಿಯಮವಿಲ್ಲ.

ಮೊದಲ ಉತ್ತರ ನೀಡಿದವರು

ಗೆಲುವಿನ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿದೆ. 1943ರಲ್ಲಿ ಅತಿ ಹೆಚ್ಚು ಎಸೆದ ಪಿಚರ್ ಕೂಡ 300 ಇನ್ನಿಂಗ್ಸ್ ಆಸುಪಾಸಿನಲ್ಲಿಯೇ ಇದ್ದರು. ನಾಲ್ಕು ಆರಂಭಿಕ ಪಿಚರುಗಳ ಸರದಿ ಮಾಡಿ, ಒಬ್ಬರ ಎರಡು ಆರಂಭಗಳ ನಡುವೆ ಮೂರು ದಿನ ಬಿಡುವು ಕಡ್ಡಾಯ ಮಾಡಿ. ಆ ಕಾಲದಲ್ಲಿ ಒಂದೇ ದಿನ ಎರಡು ಪಂದ್ಯ ಆಡುವುದು ಮಾಮೂಲಾಗಿದ್ದುದರಿಂದ ಬಿಡುವನ್ನು ಪಂದ್ಯಗಳ ಲೆಕ್ಕದಲ್ಲಿ ಎಣಿಸದೆ ದಿನಾಂಕಗಳ ಲೆಕ್ಕದಲ್ಲಿಯೇ ಎಣಿಸಬೇಕು. ಪೇಜ್ ಅವರ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೀಗ್ರೋ ಲೀಗಿನ ಕ್ಯಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದಲ್ಲಿದ್ದಾಗ, ಪ್ರೇಕ್ಷಕರನ್ನು ಸೆಳೆಯಲೆಂದು ಅವರು ಮೊದಲ ಮೂರು ಇನ್ನಿಂಗ್ಸ್ ಎಸೆದು ನಿಲ್ಲುವುದು ಅನೇಕ ಸಲ ಇತ್ತು. ಎದುರಾಳಿ ಬ್ಯಾಟರುಗಳು ಎರಡನೆಯ, ಮೂರನೆಯ ಸಲ ಎದುರಾಗುವ ಮೊದಲೇ ಮುಗಿಯುವ ಎಸೆತದ ದರವನ್ನು ಒಂಬತ್ತು ಇನ್ನಿಂಗ್ಸ್‌ಗೆ ಹಾಗೆಯೇ ಹಿಗ್ಗಿಸಿದರೆ ಫಲಿತಾಂಶ ಹಿಗ್ಗಿಯೇ ಹಿಗ್ಗುತ್ತದೆ. ಅವರ ಸಾಮರ್ಥ್ಯದ ಬಗ್ಗೆ ನನಗೆ ಸಂಶಯವಿಲ್ಲ: 1948ರಲ್ಲಿ ಇದೇ ಬಿಲ್ ವೆಕ್ ಅವರನ್ನು ಕ್ಲೀವ್‌ಲ್ಯಾಂಡ್‌ಗೆ ಕರೆಸಿದಾಗ, 42ರ ವಯಸ್ಸಿನಲ್ಲಿ, 6 ಗೆದ್ದು 1 ಸೋತು 2.48 ಇಆರ್‌ಎ ಪಡೆದರು. ಪರ್ಯಾಯ ಸೀಸನ್ನಿನಲ್ಲಿ ಅವರ ಇನ್ನಿಂಗ್ಸ್‌ಗೆ ಒಂದು ಮಿತಿ ಇರಲಿ, ದರ ಬಹಳ ತಗ್ಗಬೇಕಿಲ್ಲ.

ಎರಡನೇ ಉತ್ತರ

ಗಿಬ್ಸನ್ ಅವರ ಸರಾಸರಿಯ ಬಗ್ಗೆ ನಾನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇಂಥ ಪ್ರಾಜೆಕ್ಟುಗಳಲ್ಲಿ ಅನ್ಯಾಯ ನುಸುಳುವುದು ಇಲ್ಲಿಯೇ.

1943ರಲ್ಲಿ ನೀಗ್ರೋ ಲೀಗಿನ ಹೋಮ್‌ಸ್ಟೆಡ್ ಗ್ರೇಸ್ ತಂಡದ ಪರ ಗಿಬ್ಸನ್ ಅವರ ಸರಾಸರಿ 0.466. ನಿಮ್ಮ ಕೋಷ್ಟಕದಲ್ಲಿ ಅದು ಸುಮಾರು 250 ಬ್ಯಾಟಿಂಗ್ ಸರದಿಗಳಿಂದ ಬಂದದ್ದು. ನಿಜವಾದ ಸಾಮರ್ಥ್ಯ 0.350 ಇರುವ ಬ್ಯಾಟರನಿಗೂ 250 ಸರದಿಗಳಲ್ಲಿ 30 ಪಾಯಿಂಟ್ (ಅಂದರೆ 0.030) ಮೇಲೆ ಕೆಳಗೆ ಆಗುವುದು ತೀರ ಸಾಮಾನ್ಯ, 60 ಪಾಯಿಂಟ್ ಆಗುವುದೂ ಅಪೂರ್ವವೇನಲ್ಲ. ನಿಮ್ಮ ಪ್ರೋಗ್ರಾಂ ಒಂದು ಮಹೋನ್ನತ ಬೇಸಿಗೆಯ ಫಲಿತಾಂಶವನ್ನೇ ಆಟಗಾರನ ಶಾಶ್ವತ ಗುಣವೆಂದು ತಿಳಿದು 154 ಪಂದ್ಯಗಳಿಗೆ ಹರಡುತ್ತಿದೆ. ಪರಿಹಾರವೆಂದರೆ, ಪ್ರತಿಯೊಬ್ಬ ಆಟಗಾರನ ದಾಖಲೆಗೂ ಲೀಗ್ ಸರಾಸರಿಯ ಒಂದಿಷ್ಟು ಕಾಲ್ಪನಿಕ ಸರದಿಗಳನ್ನು ಬೆರೆಸುವುದು. ಲೆಕ್ಕ ತೋರಿಸಲು 300 ಎಂದಿಟ್ಟುಕೊಳ್ಳೋಣ. ಸರಿಯಾದ ತೂಕವನ್ನು ನೀವೇ ಪರೀಕ್ಷಿಸಿ ಆರಿಸಬೇಕು. ಫಿಲ್ಲೀಸ್ ಆಡುವ ನ್ಯಾಷನಲ್ ಲೀಗಿನ (ಮೇಜರ್ ಲೀಗ್‌ನ ಎರಡು ಲೀಗ್‌ಗಳಲ್ಲಿ ಒಂದು) 1943ರ ಸರಾಸರಿ 0.258. ಗಿಬ್ಸನ್ ಅವರ 250 ಸರದಿಗಳಿಗೆ ಇಂಥ 300 ಸರದಿ ಸೇರಿಸಿದರೆ ಸರಾಸರಿ 0.352ರ ಹತ್ತಿರ ಬರುತ್ತದೆ. ಆ ವರ್ಷ ನ್ಯಾಷನಲ್ ಲೀಗಿನಲ್ಲಿ ಮೊದಲಿಗರಾದ ಸ್ಟ್ಯಾನ್ ಮ್ಯೂಸಿಯಲ್ 617 ಸರದಿಗಳಲ್ಲಿ 220 ಹಿಟ್ ಹೊಡೆದು 0.357 ಗಳಿಸಿದ್ದರು, ಅವರಿಗೂ ಅದೇ 300 ಸರದಿ ಬೆರೆಸಿದರೆ 0.324 ಬರುತ್ತದೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ ಮೇಲೂ ಗಿಬ್ಸನ್ ಮುಂದಿದ್ದಾರೆ.

ಈ ಬೆರಕೆ ನೀಗ್ರೋ ಲೀಗ್ ಆಟಗಾರರಿಗೆ ವಿಧಿಸುವ ದಂಡವಾಗಬಾರದು. ಹದಿನಾರು ತಂಡಗಳ ಎಲ್ಲರಿಗೂ ಒಂದೇ ಫಂಕ್ಷನ್ ಓಡಬೇಕು. ಗಿಬ್ಸನ್ ಹೆಚ್ಚು ಕೆಳಗೆ ಸರಿಯುವುದು ದಾಖಲಾದ ಪಂದ್ಯಗಳು ಕಡಿಮೆ ಇರುವುದರಿಂದ. ಊರೂರು ತಿರುಗಿ ಆಡಿದ ಅದೆಷ್ಟೋ ಪಂದ್ಯಗಳು ಲೀಗ್ ಲೆಕ್ಕಕ್ಕೆ ಸೇರದೇ ಹೋದವು ಎಂಬುದು ಆ ಕಾಲದ ಅಮೆರಿಕದ ಬಣ್ಣಭೇದದ ಫಲ, ಆಟಗಾರನ ಕೊರತೆ ಅದರಲ್ಲಿಲ್ಲ. ಆದ್ದರಿಂದ ಒಂದೇ ವರ್ಷಕ್ಕೆ ಅಂಟಿಕೊಳ್ಳದೆ 1942, 1943, 1944 ಮೂರೂ ವರ್ಷಗಳ ದಾಖಲೆಯನ್ನು ಕೂಡಿಸಿ. ಮುಂದಿನ ವರ್ಷದ ಅಂಕಿ ಬಳಸುವುದು ಭವಿಷ್ಯ ಹೇಳುವ ಮಾದರಿಗೆ ತಪ್ಪಾದರೂ, ನಡೆದುಹೋದ ಕಾಲವನ್ನು ಮರಳಿ ಕಟ್ಟುವ ಕೆಲಸಕ್ಕೆ ತಪ್ಪಲ್ಲ. ದಾಖಲೆ ಬೆಳೆದಷ್ಟೂ ಕಾಲ್ಪನಿಕ ಸರದಿಗಳ ಪ್ರಭಾವ ತಾನಾಗಿ ಕುಗ್ಗುತ್ತದೆ.

ಬ್ಯಾಟರ್–ಪಿಚರ್ ದರಗಳನ್ನು ಕೂಡಿಸಿ ಕಳೆಯುವ ನಿಮ್ಮ ವಿಧಾನ ಈ 0.440ಕ್ಕೆ ಕಾರಣವಲ್ಲ, ಆದರೂ ಅದನ್ನು ಬದಲಿಸಿ. ಹಿಟ್‌ಗಳಲ್ಲಿ ಅದರ ದೋಷ ಹೆಚ್ಚು ಕಾಣದು. 1943ರಂತಹ ಕಡಿಮೆ ಹೋಂ ರನ್‌ಗಳ ವರ್ಷದಲ್ಲಿ, ಹೋಂ ರನ್ ಹೊಡೆಯದ ಬ್ಯಾಟರ್ ಹೋಂ ರನ್ ಕೊಡದ ಪಿಚರನ ಎದುರು ನಿಂತಾಗ ದರ ಸೊನ್ನೆಗಿಂತ ಕೆಳಗಿಳಿದು ಕೋಡ್ ಅದನ್ನು ಸದ್ದಿಲ್ಲದೆ ಸೊನ್ನೆ ಮಾಡಿಬಿಡುತ್ತದೆ. ಬದಲಿಗೆ ಆಗುವ ಸಂಭವವನ್ನು ಆಗದಿರುವ ಸಂಭವದಿಂದ ಭಾಗಿಸಿ, ಬ್ಯಾಟರನ ಆ ಅನುಪಾತವನ್ನು ಪಿಚರನ ಅನುಪಾತದಿಂದ ಗುಣಿಸಿ, ಲೀಗ್ ಅನುಪಾತದಿಂದ ಭಾಗಿಸಿ. 0.350ರ ಬ್ಯಾಟರ್ 0.220ರ ಪಿಚರನನ್ನು 0.258ರ ಲೀಗಿನಲ್ಲಿ ಎದುರಿಸಿದರೆ 0.304 ಬರುತ್ತದೆ. ಗಿಬ್ಸನ್ ಅವರ ಅನುಪಾತವನ್ನು ಹೋಲಿಸಬೇಕಾದದ್ದು ಅವರು ಆಡಿದ ನೀಗ್ರೋ ನ್ಯಾಷನಲ್ ಲೀಗಿನ ಆ ವರ್ಷದ ಸರಾಸರಿಯೊಂದಿಗೆ. ಮೇಲಿನ ಲೆಕ್ಕದಲ್ಲಿ ಸುಲಭಕ್ಕಾಗಿ ಇಬ್ಬರಿಗೂ 0.258 ಇಟ್ಟಿದ್ದೇನೆ, ಕೋಡಿನಲ್ಲಿ ಹಾಗೆ ಮಾಡಬೇಡಿ.

ತಿದ್ದುಪಡಿಗಳೆಲ್ಲ ಅವರ ಅಂಕಿಗಳನ್ನು ಇಳಿಸುವುದಕ್ಕೇ ಇವೆ ಎಂದು ಭಾವಿಸಬೇಡಿ. ಗ್ರೇಸ್ ತಂಡ ತವರಿನ ಅನೇಕ ಪಂದ್ಯಗಳನ್ನು ವಾಷಿಂಗ್ಟನ್ನಿನ ಗ್ರಿಫಿತ್ ಸ್ಟೇಡಿಯಂನಲ್ಲಿ ಆಡುತ್ತಿತ್ತು. ಅದರ ಎಡಗಡೆಯ ಬೇಲಿ ನಾನೂರು ಅಡಿಗೂ ದೂರದಲ್ಲಿತ್ತು. 1945ರ ಇಡೀ ಸೀಸನ್ನಿನಲ್ಲಿ ವಾಷಿಂಗ್ಟನ್ ಸೆನೆಟರ್ಸ್ ತಂಡ ಅಲ್ಲಿ ಹೊಡೆದ ಏಕೈಕ ಹೋಂ ರನ್ ಜೋ ಕುಹೆಲ್ ಅವರದು, ಅದೂ ಬೇಲಿ ದಾಟದೆ ಓಡಿ ಗಳಿಸಿದ್ದು. ಬಲಗೈ ಬ್ಯಾಟರಾದ ಗಿಬ್ಸನ್ ಅಲ್ಲಿಂದ ಫಿಲಡೆಲ್ಫಿಯಾದ ಶೈಬ್ ಪಾರ್ಕಿಗೆ ಬಂದರೆ ಹೋಂ ರನ್ ದರ ಏರಲೇಬೇಕು. ಮೈದಾನದ ತಿದ್ದುಪಡಿಯನ್ನು ಬಿಟ್ಟರೆ ಅವರಿಗೆ ಅನ್ಯಾಯವಾಗುತ್ತದೆ.

ಮೂರನೇ ಉತ್ತರ

ಮೇಲಿನವರು ಹೇಳಿದ್ದು ಸರಿಯಾಗಿದೆ. ಮೂರು ವರ್ಷಗಳ ಡೇಟಾ ಕೂಡಿಸುವಾಗ ಆಗುವ ಒಂದು ಅಪಾಯವನ್ನು ಮಾತ್ರ ತಿಳಿಸುತ್ತೇನೆ. ಟೆಡ್ ವಿಲಿಯಮ್ಸ್ 1942ರಲ್ಲಿ 0.356 ಸರಾಸರಿ, 36 ಹೋಂ ರನ್‌ಗಳೊಂದಿಗೆ ಟ್ರಿಪಲ್ ಕ್ರೌನ್ (ಸರಾಸರಿ, ಹೋಂ ರನ್, ತಂಡಕ್ಕೆ ತಂದ ರನ್ ಮೂರರಲ್ಲೂ ಲೀಗಿಗೆ ಮೊದಲ ಸ್ಥಾನ) ಗೆದ್ದರು. 1943ರಲ್ಲಿ ಅವರೂ ಜೋ ಡಿಮಾಜಿಯೊ ಅವರೂ ಸೇನಾ ಸೇವೆಯಲ್ಲಿದ್ದರು. 1942ರ ಸಾಲುಗಳನ್ನು ಸೇರಿಸಿದ ಕೂಡಲೇ ಇಂಥವರೆಲ್ಲ ತಂಡಗಳಿಗೆ ಮರಳಿಬಿಡುತ್ತಾರೆ. ಆದ್ದರಿಂದ ಸಾಮರ್ಥ್ಯದ ಕೋಷ್ಟಕವನ್ನೂ ತಂಡದ ಹಾಜರಿಯ ಕೋಷ್ಟಕವನ್ನೂ ಬೇರೆಬೇರೆ ಇಟ್ಟುಕೊಂಡು, ಹಾಜರಿಯನ್ನು 1943ರಿಂದ ಮಾತ್ರ ಓದಿಸಿ. ಇದೇ ಕಾರಣಕ್ಕೆ ಮಾಂಟಿ ಅರ್ವಿನ್ ಅವರನ್ನೂ ಫಿಲ್ಲೀಸ್‌ನಿಂದ ತೆಗೆಯಬೇಕಾಗುತ್ತದೆ, ಅವರೂ 1943ರಲ್ಲಿ ಸೇನೆಗೆ ಸೇರಿದರು. ವೆಕ್ ತಂಡ ಕೊಂಡಿದ್ದರೂ ಯುದ್ಧ ನಿಲ್ಲುತ್ತಿರಲಿಲ್ಲ.

ಗಿಬ್ಸನ್ ಕ್ಯಾಚರ್ (ಬ್ಯಾಟರನ ಹಿಂದೆ ಕುಕ್ಕರಿಸಿ ಚೆಂಡು ಹಿಡಿಯುವ, ಬಹಳ ದಣಿಸುವ ಸ್ಥಾನ) ಆಗಿದ್ದುದರಿಂದ ಎಲ್ಲ 154 ಪಂದ್ಯಗಳಲ್ಲಿಯೂ ಅವರನ್ನು ಆಡಿಸಬೇಡಿ, 125ರಿಂದ 130 ಸಾಕು. ಅದೇ ವರ್ಷದ ಜನವರಿಯಲ್ಲಿ ಅವರು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದ್ದರು ಎಂಬುದನ್ನೂ ನೆನಪಿಡಿ. ಮೇಜರ್ ಲೀಗ್‌ನ ಬಣ್ಣಭೇದವನ್ನು ಮುರಿದ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಪರ ಕಣಕ್ಕಿಳಿದ 1947ರ ಏಪ್ರಿಲ್ 15ಕ್ಕೆ ಮೂರು ತಿಂಗಳೂ ಇಲ್ಲದಾಗ, 35ರ ವಯಸ್ಸಿನಲ್ಲಿ ಗಿಬ್ಸನ್ ತೀರಿಕೊಂಡರು.

ಯುದ್ಧಕಾಲದ ರಬ್ಬರ್ ಕೊರತೆಯಿಂದ 1943ರ ಆರಂಭದ ವಾರಗಳಲ್ಲಿ ಬಲಾಟಾ ಎಂಬ ಮರದ ಅಂಟು ತುಂಬಿದ ಪುಟಿಯದ ಚೆಂಡು ಬಳಕೆಯಲ್ಲಿತ್ತು. ವರ್ಷದ ಒಟ್ಟು ಲೀಗ್ ಸರಾಸರಿಯಲ್ಲಿ ಅದರ ಪರಿಣಾಮ ಆಗಲೇ ಸೇರಿರುವುದರಿಂದ ಇನ್ನೊಮ್ಮೆ ಕಳೆಯಬೇಡಿ.

ಪ್ರಶ್ನಿಸಿದವರು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಸರದಿಯ ನಿಯಮ, ಎಲ್ಲರಿಗೂ ಒಂದೇ ಬೆರಕೆ, ಅನುಪಾತದ ಸೂತ್ರ, ಹಾಜರಿಯ ಪ್ರತ್ಯೇಕ ಕೋಷ್ಟಕ ಇಷ್ಟನ್ನೂ ಅಳವಡಿಸಿದ ಮೇಲೆ ಫಿಲ್ಲೀಸ್ ಹೆಚ್ಚಿನ ಓಟಗಳಲ್ಲಿ 85ರಿಂದ 95 ಪಂದ್ಯ ಗೆದ್ದು ಕಾರ್ಡಿನಲ್ಸ್ ಬೆನ್ನ ಹಿಂದೆ ನಿಲ್ಲುತ್ತಿದೆ, ಕೆಲವು ಓಟಗಳಲ್ಲಿ ಲೀಗ್ ಗೆಲ್ಲುತ್ತಲೂ ಇದೆ. ಗಿಬ್ಸನ್ ಮತ್ತು ಮ್ಯೂಸಿಯಲ್ ನಡುವೆ ಸರಾಸರಿಯ ಪೈಪೋಟಿ ಸೆಪ್ಟೆಂಬರ್ ಕೊನೆಯವರೆಗೂ ಎಳೆಯುವುದನ್ನು ಕಂಡು ಬಹಳ ಸಂತೋಷವಾಯಿತು. ಉಳಿದಿರುವ ಸಂದೇಹ ಒಂದೇ: ನೀಗ್ರೋ ಲೀಗ್, ಮೇಜರ್ ಲೀಗ್ ಎರಡರ ಮಟ್ಟದ ವ್ಯತ್ಯಾಸಕ್ಕೆಂದು ಬೇರೆ ಗುಣಕ ಹಾಕಬೇಕೆ?

ಎರಡನೇ ಉತ್ತರ ನೀಡಿದವರು

ಸದ್ಯಕ್ಕೆ 1 ಎಂದೇ ಇಡಿ. ಗುಣಕವನ್ನು ಅಳೆಯಲು ಇರುವ ಆಧಾರ 1947ರ ನಂತರ ಎರಡೂ ಕಡೆ ಆಡಿದವರ ದಾಖಲೆ. ಅವರಲ್ಲಿ ಹೆಚ್ಚಿನವರು ರಾಬಿನ್ಸನ್, ಲ್ಯಾರಿ ಡೋಬಿ, ರಾಯ್ ಕ್ಯಾಂಪನೆಲ್ಲಾ ಅವರಂತೆ ಆರಿಸಿ ತಂದ ಯುವಕರಾದುದರಿಂದ, ವಯಸ್ಸಿನೊಂದಿಗೆ ಬೆಳೆದ ಆಟ ಎಷ್ಟು, ಲೀಗ್ ಬದಲಾದುದರ ಪರಿಣಾಮ ಎಷ್ಟು ಎಂಬುದನ್ನು ಬೇರ್ಪಡಿಸುವುದು ಕಠಿಣ. 1943ರ ಮೇಜರ್ ಲೀಗ್ ಕೂಡ ಯುದ್ಧದಿಂದ ಬಡವಾಗಿತ್ತು. ಗುಣಕ ಹಾಕಲೇಬೇಕೆನಿಸಿದರೆ 0.90ರಿಂದ 1ರವರೆಗೆ ಹಲವು ಮೌಲ್ಯಗಳಲ್ಲಿ ಓಡಿಸಿ ಎಲ್ಲ ಫಲಿತಾಂಶಗಳನ್ನೂ ಜೊತೆಯಲ್ಲಿ ಪ್ರಕಟಿಸಿ. ಗಿಬ್ಸನ್, ಲೆನರ್ಡ್, ಬೆಲ್ ಮೂವರನ್ನೂ ಕಳೆದುಕೊಂಡ ಹೋಮ್‌ಸ್ಟೆಡ್ ಗ್ರೇಸ್ ತಂಡದ 1943ರ ಸೀಸನ್ನನ್ನೂ ಇದೇ ಕೋಡಿನಲ್ಲಿ ಆಡಿಸಿ ನೋಡಿ. ನಿಜದಲ್ಲಿ ಆ ವರ್ಷದ ನೀಗ್ರೋ ವರ್ಲ್ಡ್ ಸೀರೀಸ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಬ್ಲ್ಯಾಕ್ ಬ್ಯಾರನ್ಸ್ ತಂಡವನ್ನು ಸೋಲಿಸಿದವರು ಅವರೇ. ನಿಮ್ಮ ಪರ್ಯಾಯ ಇತಿಹಾಸದಲ್ಲಿ ಆ ಲೀಗಿಗೆ ಏನಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ತರಬೇಕು.