ಪಾಠ ಚೆನ್ನಾಗಿಲ್ಲ ಅಂತ ಮಾರ್ಕ್ಸ್ ಬರ್ತಿಲ್ವಾ, ಇಲ್ಲಾ ನಂಗೇ ಓದೋ ಮನಸಿಲ್ವಾ?

ಕೊನೇಬೆಂಚು:
ಮೂರನೇ ಸೆಮ್. ಸ್ಟಾಟಿಸ್ಟಿಕ್ಸ್ ಸರ್ ಸ್ಲೈಡ್ ಹಾಕಿ ಅದರಲ್ಲಿರೋದನ್ನೇ ಓದ್ತಾರೆ, ಡೌಟ್ ಕೇಳಿದ್ರೆ "ಮುಂದೆ ಬರುತ್ತೆ" ಅಂತಾರೆ, ಅದು ಬರೋದೇ ಇಲ್ಲ. ಸೈಕಾಲಜಿ ಮೇಡಂ ಕ್ಲಾಸಲ್ಲಿ ಮಾತ್ರ ಒಂದು ಗಂಟೆ ಹೋಗಿದ್ದೇ ಗೊತ್ತಾಗಲ್ಲ, ಅಷ್ಟು ಚೆನ್ನಾಗಿ ಮಾಡ್ತಾರೆ. ವಿಚಿತ್ರ ಏನಂದ್ರೆ ಎರಡ್ರಲ್ಲೂ ಹೆಚ್ಚುಕಮ್ಮಿ ಅದೇ ಮಾರ್ಕ್ಸ್, ಹೇಳ್ಕೊಳೋ ಹಾಗಿಲ್ಲ. ತಪ್ಪು ಯಾರದು?

ಸುಮ್ನೆಓದೋನು:
ಸ್ಲೈಡ್ ಓದೋದು ಪಾಠ ಅಲ್ಲ ಗುರು. 2014ರಲ್ಲಿ ಫ್ರೀಮನ್ ಅನ್ನೋ ಸಂಶೋಧಕರು ಮತ್ತೆ ಜೊತೆಯವ್ರು ಸೈನ್ಸ್, ಇಂಜಿನಿಯರಿಂಗ್, ಮ್ಯಾಥ್ಸ್ ಕ್ಲಾಸ್‌ಗಳ ಮೇಲಿನ 225 ಸ್ಟಡಿ ಒಟ್ಟಿಗೆ ಇಟ್ಕೊಂಡು ನೋಡಿದ್ರು. ಬರೀ ಲೆಕ್ಚರ್ ಇದ್ದ ಕಡೆ ನೂರಕ್ಕೆ ಸುಮಾರು 34 ಜನ ಫೇಲು, ಹುಡುಗ್ರ ಕೈಲೇ ಕೆಲ್ಸ ಮಾಡ್ಸಿದ ಕಡೆ 22. ಅದೇನು ಸಣ್ಣ ವ್ಯತ್ಯಾಸಾನಾ?

ಗೀಚುಪುಸ್ತಕ:
ಒಪ್ತೀನಿ, ಆದ್ರೆ ಆ ಮೇಡಂ ಕ್ಲಾಸಿನ ಕಥೆ ಯಾರೂ ಮುಟ್ಟಿಲ್ವಲ್ಲ. 2019ರಲ್ಲಿ ಬಂದ ಒಂದು ಸ್ಟಡೀಲಿ, ಹಾರ್ವರ್ಡ್ ಫಿಸಿಕ್ಸ್ ಕ್ಲಾಸಲ್ಲಿ ಕೆಲವ್ರಿಗೆ ನೀಟಾಗಿ ಲೆಕ್ಚರ್ ಕೊಟ್ರು, ಇನ್ನು ಕೆಲವ್ರಿಗೆ ಗುಂಪಲ್ಲಿ ಲೆಕ್ಕ ಕೊಟ್ಟು ತಲೆ ಕೆಡಿಸ್ಕೊಳೋಕೆ ಬಿಟ್ರು. ತಲೆ ಕೆಡಿಸ್ಕೊಂಡೋರೇ ಜಾಸ್ತಿ ಕಲ್ತಿದ್ರು, ಆದ್ರೆ ಕೇಳಿದ್ರೆ ತಾವು ಕಡಿಮೆ ಕಲ್ತಿದೀವಿ ಅಂದ್ಕೊಂಡಿದ್ರು! ಕ್ಲಾಸು ಸಲೀಸಾಗಿ ಹೋಯ್ತು ಅಂದ್ರೆ ತಲೆಗೆ ಹೋಯ್ತು ಅಂತಲ್ಲ. ಕ್ಲಾಸ್ ಆದ್ಮೇಲೆ ನೋಟ್ಸ್ ಮುಚ್ಚಿಟ್ಟು ನೆನಪಿಗೆ ಬಂದಷ್ಟು ಒಂದು ಹಾಳೆ ಬರಿ ನೋಡೋಣ.

ಸೀಮೆಸುಣ್ಣ:
ನಾನು ಪಾಠ ಮಾಡೋಳು, ಬೈಸ್ಕೊಳೋಕೆ ರೆಡಿ ಇದೀನಿ. ಡೆಸಿ, ರಯಾನ್ ಅನ್ನೋ ಮನಶ್ಶಾಸ್ತ್ರಜ್ಞರು ಹೇಳೋ ಪ್ರಕಾರ ಒಳಗಿಂದ ಹುಮ್ಮಸ್ಸು ಬರ್ಬೇಕಂದ್ರೆ ಇದು ನನ್ನ ಆಯ್ಕೆ, ನನ್ ಕೈಲಾಗುತ್ತೆ, ಇಲ್ಲಿ ನಂಗೆ ನನ್ನವ್ರಿದಾರೆ ಅನ್ನೋ ಮೂರೂ ಅನಿಸ್ಬೇಕು, ಅಟೆಂಡೆನ್ಸ್ ಹೆದರಿಕೆಯಿಂದ ಬಂದು ಕೂತೋನಿಗೆ ಒಂದೂ ಅನಿಸಲ್ಲ. "ಕೈಲಾಗುತ್ತೆ" ಅನ್ನೋದು ಒಂದು ಲೆಕ್ಕ ಬಿಡಿಸಿದ ಮೇಲೇನೇ ಬರೋದು, ಮನಸ್ಸು ಬರ್ಲಿ ಆಮೇಲೆ ಕೂರ್ತೀನಿ ಅಂತ ಕಾಯ್ತಾ ಇದ್ರೆ ಎಕ್ಸಾಮ್ ಬರುತ್ತೆ ಅಷ್ಟೆ. ಅಂದಹಾಗೆ ಎಪ್ಪತ್ತು ಮುಖ ಮೊಬೈಲ್ ನೋಡ್ತಾ ಕೂತಿದ್ರೆ ನಮ್ಮ ಹುಮ್ಮಸ್ಸೂ ಇಳಿಯುತ್ತೆ ಕಣ್ರೀ. ಹಾಗಂತ ಡೌಟ್‌ಗೆ ಉತ್ತರ ಕೊಡದೇ ಇರೋದು ನಿಮ್ ಸರ್ ತಪ್ಪೇ, ಅದಕ್ಕೆ ಸಬೂಬಿಲ್ಲ.

ಕೊನೇಬೆಂಚು:
ನಿನ್ನೆ ಮೇಡಂ ಕ್ಲಾಸ್ ಆದ್ಮೇಲೆ ಬರ್ದು ನೋಡ್ದೆ. ನಾಲ್ಕು ಸಾಲು ಬಂತು, ಅದ್ರಲ್ಲಿ ಒಂದು ಅವ್ರು ಹೇಳಿದ ಜೋಕು. ಸ್ಟಾಟಿಸ್ಟಿಕ್ಸ್ ಇನ್ನೂ ಮುಟ್ಟಿಲ್ಲ, ಧೈರ್ಯ ಬರ್ಲಿ.

ಸೀಮೆಸುಣ್ಣ:
ನೋಡಿ, ಮತ್ತೆ ಕಾಯ್ತಿದೀರ!