ಕಾದಂಬರಿಯಿಂದ ಲಿನೋಕಟ್, ಅದರಿಂದ ಅನಿಮೇಷನ್: ಹೇಗೆ ಶುರು ಮಾಡಲಿ?

ಪ್ರಶ್ನೆ:
ಮೂರು ಸಲ ಓದಿದ ಒಂದು ಕಾದಂಬರಿ ತಲೆಯಿಂದ ಇಳಿಯುತ್ತಲೇ ಇಲ್ಲ. ಅದರ ಮೇಲೆ ಲಿನೋಕಟ್ (ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ, ಶಾಯಿ ಹಚ್ಚಿ ಕಾಗದಕ್ಕೆ ಒತ್ತುವ ಅಚ್ಚು) ಮಾಡಿ, ಆ ಅಚ್ಚುಗಳನ್ನೇ ಸ್ಕ್ಯಾನ್ ಮಾಡಿ ಒಂದು ನಿಮಿಷದ ಅನಿಮೇಷನ್ ಮಾಡುವ ಆಸೆ. ಸೆಕೆಂಡಿಗೆ 24 ಫ್ರೇಮ್ ಅಂದರೆ 1,440 ಚಿತ್ರ! ಅಷ್ಟು ಯಾರು ಕೆತ್ತುತ್ತಾರೆ? ಇಡೀ ಕಥೆ ಹೇಳಲೇಬೇಕಾ?

ಉತ್ತರ 1:
ಅಷ್ಟು ಬೇಡ. ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೆ ಸೆಕೆಂಡಿಗೆ 12 ಸಾಕು, ಮೂರು ಹಿಡಿದರೆ 8. ಅಚ್ಚಿನ ಒರಟುತನಕ್ಕೆ 8 ಚೆನ್ನಾಗೇ ಒಪ್ಪುತ್ತದೆ. ಇನ್ನೊಂದು ದಾರಿ ಇದೆ, ಒಂದೇ ಲಿನೋ ತುಂಡನ್ನು ಸ್ವಲ್ಪ ಸ್ವಲ್ಪ ಕೆತ್ತುತ್ತಾ ಪ್ರತಿ ಸಲ ಒಂದು ಅಚ್ಚು ತೆಗೆಯಿರಿ. ಕೆತ್ತಿದ ಕಡೆ ಶಾಯಿ ಹತ್ತುವುದಿಲ್ಲ ಅಲ್ವಾ, ಹಾಗಾಗಿ ಕತ್ತಲೆ ಕೋಣೆಗೆ ಬೆಳಕು ನುಗ್ಗುವಂಥ ದೃಶ್ಯ ತಾನಾಗೇ ಹುಟ್ಟುತ್ತದೆ. ಉಲ್ಟಾ ಓಡಿಸಿದರೆ ಕತ್ತಲೆ. ಆದರೆ ಕೆತ್ತಿದ್ದು ಕೆತ್ತಿದ್ದೇ, ವಾಪಸ್ ತರೋಕಾಗಲ್ಲ.

ಉತ್ತರ 2:
ಕಾಗದ ಪ್ರತಿ ಸಲ ಅದೇ ಜಾಗಕ್ಕೆ ಕೂರಬೇಕು. ಮೂಲೆಗೆ ದಪ್ಪ ರಟ್ಟಿನ ಪಟ್ಟಿ ಅಂಟಿಸಿ. ನಾನು ಸುಮ್ನೆ ಕಣ್ಣಳತೆಯಲ್ಲಿ ಇಟ್ಟೆ, ವಿಡಿಯೋದಲ್ಲಿ ಮನೆಗೆ ಭೂಕಂಪ ಬಂದಿತ್ತು. ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕೆತ್ತಿ. 'ಮಳೆ' ಅಂತ ನೇರವಾಗಿ ಕೆತ್ತಿ ಒಂದಿಡೀ ದಿನ ಹಾಳು ಮಾಡಿಕೊಂಡಿದ್ದೇನೆ.

ಉತ್ತರ 3:
ಇಡೀ ಕಥೆ ಖಂಡಿತ ಬೇಡ, ನಿಮ್ಮನ್ನು ಕಾಡುವ ಒಂದೇ ಪುಟ ಹಿಡಿಯಿರಿ. ಫ್ರಾನ್ಸ್ ಮಾಸೆರೀಲ್ ಎಂಬ ಕಲಾವಿದ ಮರದಚ್ಚಿನಲ್ಲಿ ಮಾಡಿದ, ಮಾತೇ ಇಲ್ಲದ ಪುಸ್ತಕವೊಂದನ್ನು ಬರ್ತೋಲ್ಡ್ ಬಾರ್ಟೋಷ್ 1932ರಲ್ಲಿ ಅನಿಮೇಷನ್ ಚಿತ್ರವಾಗಿಸಿದರು, ಹುಡುಕಿ ನೋಡಿ. ಲೇಖಕರ ಹಕ್ಕು ಇನ್ನೂ ಇದ್ದರೆ ಹೊರಗೆ ಹಾಕುವ ಮೊದಲು ಅನುಮತಿ ಕೇಳಿ.

ಪ್ರಶ್ನೆ ಕೇಳಿದವರು:
ಹಾಗಾದರೆ ಬಾಗಿಲು ತೆರೆಯುವ ಆ ಒಂದು ದೃಶ್ಯ, ಒಂದೇ ಲಿನೋ. ಉಳಿ ಮಸೆಯೋಕೆ ಕೂತೆ.