ಕೆಜಿಎಫ್‌ನಲ್ಲಿ ನ್ಯೂಟ್ರಿನೊ ಹಿಡಿದ ಜಾಗದ ನೆತ್ತಿಯ ಮೇಲೆ ಈಗ ಏನಿದೆ?

ಉರಿಗಾಂ_ಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನ ಉರಿಗಾಂನಲ್ಲಿ. ಈಗ ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆ, ಕೊನೆಯ ವರ್ಷ. ಗಣಿ ಮುಚ್ಚಿದ ಮೇಲೆ ನಮ್ಮೂರಿನ ಜನ ಖಾಲಿ ಜಾಗಗಳನ್ನು ಹೇಗೆ ಬಳಸುತ್ತಿದ್ದಾರೆ ಅನ್ನೋದು ನನ್ನ ಥೀಸಿಸ್. ಯಾರು ಎಲ್ಲಿ ಕೂತು ಹರಟೆ ಹೊಡೆಯುತ್ತಾರೆ, ಹೆಂಗಸರು ಸಂಜೆ ಯಾವ ದಾರಿಯಲ್ಲಿ ವಾಕ್ ಹೋಗುತ್ತಾರೆ, ಹುಡುಗರಿಗೆ ಕ್ರಿಕೆಟ್ ಆಡಲು ಯಾವ ಗೋಡೆ ವಿಕೆಟ್ ಆಗಿದೆ, ಇಂಥವು. ಒಂದು ತಿಂಗಳಿಂದ ನೋಟ್‌ಬುಕ್ ಹಿಡಿದು ತಿರುಗುತ್ತಿದ್ದೇನೆ. ಸೈನೈಡ್ ದಿಬ್ಬದ ಮೇಲೆ ಮದುವೆ ಜೋಡಿಗಳ ಫೋಟೊ ತೆಗೆಯುವವರು ಬರುತ್ತಾರೆ. ಅಲ್ಲೇ ಕೆಳಗಿನ ಲೈನ್ ಮನೆಗಳಲ್ಲಿ ಗಾಳಿ ಬೀಸಿದರೆ ಒಣಹಾಕಿದ ಬಟ್ಟೆಯನ್ನು ಓಡಿ ಹೋಗಿ ಒಳಗೆ ತರುತ್ತಾರೆ. ಚಿನ್ನ ತೆಗೆದು ಉಳಿದ ಆ ಹುಡಿ ಸೀರೆ ಮೇಲೆ ಕೂತರೆ ಕೊಡವಿದರೂ ಹೋಗಲ್ಲ, ಮೂಗಿಗೂ ಬರುತ್ತೆ. ದಿಬ್ಬ ಒಂದೇ. ಮೇಲೆ ಫೋಟೊ, ಕೆಳಗೆ ಕೆಮ್ಮು.

ನನ್ನ ತಾತ ಚಾಂಪಿಯನ್ ರೀಫ್‌ನಲ್ಲಿ ಟಿಂಬರ್ ಕೆಲಸ ಮಾಡುತ್ತಿದ್ದರು, ಅಂದರೆ ಗಣಿಯೊಳಗೆ ಬಂಡೆ ಕುಸಿಯದ ಹಾಗೆ ಮರದ ಆಸರೆ ಕೊಡೋದು. ನಾವು ಚಿಕ್ಕವರಿದ್ದಾಗ ಒಂದು ಮಾತು ಹೇಳುತ್ತಿದ್ದರು: "ಕೆಳಗೆ ಒಂದು ರೂಮಿತ್ತು, ಅಲ್ಲಿ ದೊಡ್ಡ ದೊಡ್ಡ ಓದಿದವರು ಏನೂ ಆಗದೇ ಇರಲಿ ಅಂತ ಕಾಯ್ತಾ ಕೂರೋರು." ತಾತ ತಮಾಷೆ ಮಾಡುತ್ತಿದ್ದಾರೆ ಅಂತ ನಾವು ನಗುತ್ತಿದ್ದೆವು. ಹೋದ ತಿಂಗಳು ಗೊತ್ತಾಯಿತು, ಅದು ತಮಾಷೆ ಅಲ್ಲವಂತೆ. 1965ರಲ್ಲಿ ನಮ್ಮ ಗಣಿಯೊಳಗೆ, 2.3 ಕಿಲೋಮೀಟರ್ ಆಳದಲ್ಲಿ ನ್ಯೂಟ್ರಿನೊ ಸಿಕ್ಕಿತ್ತು, ಯಾವುದಕ್ಕೂ ಸಿಗದೆ ಎಲ್ಲವನ್ನೂ ತೂರಿ ಹೋಗುವ ಒಂದು ಪುಟ್ಟ ಕಣವಂತೆ ಅದು. ನಮ್ಮ ಸ್ಕೂಲಿನಲ್ಲಿ ಇದನ್ನು ಯಾರೂ ಹೇಳಲೇ ಇಲ್ಲ. ಊರಲ್ಲಿ ಒಂದು ಬೋರ್ಡೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಳೇ ಮ್ಯಾಪ್ ಬೇಕು ಅಂತ ಒಂದು ಕಚೇರಿಗೆ ಎರಡು ಸಲ ಬರೆದೆ. ಉತ್ತರ ಇಲ್ಲ. ಗಣಿಗೆ ಇಳಿಯುವ ಬಾವಿಯಂಥ ಶಾಫ್ಟ್ ಹತ್ತಿರ ಹೋದರೆ ವಾಚ್‌ಮನ್ "ಏನಮ್ಮಾ, ಯೂಟ್ಯೂಬಾ?" ಅಂದರು.

ಆ ರೂಮು ಯಾವ ಜಾಗದ ಕೆಳಗೆ ಬರುತ್ತೆ? ಅಲ್ಲಿ ಕೆಲಸ ಮಾಡಿದವರು ಯಾರಾದರೂ ಇಲ್ಲಿದ್ದೀರಾ? ಇನ್ನೊಂದು. ಯಾರೂ ಹೋಗೋಕೆ ಆಗದ ಜಾಗವನ್ನು ಊರಿನ ಜಾಗ ಅಂತ ಥೀಸಿಸ್‌ನಲ್ಲಿ ಸೇರಿಸಬಹುದಾ? ನಮ್ಮ ಗೈಡ್ ಬೇಡ ಅನ್ನುತ್ತಿದ್ದಾರೆ.

---

ಹಾಸನದ_ಮೇಷ್ಟ್ರು:

ಫಿಸಿಕ್ಸ್ ಪಾಠ ಮಾಡುವವನು ನಾನು. ನಿಮ್ಮ ತಾತ ಹೇಳಿದ್ದು ಅಕ್ಷರಶಃ ನಿಜ.

ಆಕಾಶದಿಂದ ಕಾಸ್ಮಿಕ್ ಕಿರಣ ಬೀಳುತ್ತಲೇ ಇರುತ್ತೆ. ಅದರಿಂದ ಹುಟ್ಟುವ ಮ್ಯುವಾನ್ ಅನ್ನೋ ಕಣ ನಿಮ್ಮ ಅಂಗೈಯನ್ನು ಸೆಕೆಂಡಿಗೆ ಒಂದೆರಡು ಸಲ ತೂರಿ ಹೋಗುತ್ತೆ, ಈಗಲೂ. ನ್ಯೂಟ್ರಿನೊನೂ ಅದೇ ಕಿರಣದಿಂದ ಹುಟ್ಟುತ್ತೆ, ಆದರೆ ಈ ಗಲಾಟೆಯಲ್ಲಿ ಅದನ್ನು ಹುಡುಕೋದು ಅಂದರೆ ಜಾತ್ರೆಯಲ್ಲಿ ಪಿಸುಮಾತು ಕೇಳಿಸಿಕೊಂಡ ಹಾಗೆ. ಅದಕ್ಕೇ ನೆಲದೊಳಗೆ ಇಳಿಯಬೇಕು. ಮೇಲಿನ ಬಂಡೆ ಮ್ಯುವಾನ್‌ಗಳನ್ನು ತಡೆಯುತ್ತೆ. ನ್ಯೂಟ್ರಿನೊಗೆ ಬಂಡೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಟಾಟಾ ಇನ್‌ಸ್ಟಿಟ್ಯೂಟ್‌ನ ಬಿ.ವಿ. ಶ್ರೀಕಂಠನ್ 1951ರ ಹೊತ್ತಿಗೇ ಕಣಗಳನ್ನು ಎಣಿಸುವ ಗೈಗರ್ ಕೌಂಟರ್‌ಗಳನ್ನು ಕೋಲಾರದ ಗಣಿಗೆ ಇಳಿಸಿದ್ದರು. ಹೋಮಿ ಭಾಭಾ ಹೇಳಿ ಕಳಿಸಿದ್ದು. ಎಷ್ಟು ಆಳಕ್ಕೆ ಎಷ್ಟು ಮ್ಯುವಾನ್ ಬರುತ್ತವೆ ಅಂತ ಎಣಿಸೋದು ಕೆಲಸ. ಶ್ರೀಕಂಠನ್ ನಂಜನಗೂಡಿನವರು, ಆಮೇಲೆ ಆ ಸಂಸ್ಥೆಗೇ ಡೈರೆಕ್ಟರ್ ಆದರು. 1960ರ ದಶಕದ ಶುರುವಿನಲ್ಲಿ ಸುಮಾರು 2.7 ಕಿ.ಮೀ. ಆಳದಲ್ಲಿ ಉಪಕರಣ ಇಟ್ಟು ಎರಡು ತಿಂಗಳು ಕಾದರು. ಒಂದೇ ಒಂದು ಮ್ಯುವಾನ್ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವರಿಗೆ ಖುಷಿ. ಇಷ್ಟು ಸದ್ದಿಲ್ಲದ ಜಾಗ ಸಿಕ್ಕಿದೆ ಅಂದರೆ ಇಲ್ಲಿ ನ್ಯೂಟ್ರಿನೊ ಹುಡುಕಬಹುದು ಅಂತ. ನಿಮ್ಮ ತಾತನ "ಏನೂ ಆಗದೇ ಇರಲಿ" ಇದೇ ಇರಬೇಕು.

1965ರ ತಂಡದಲ್ಲಿ ಬಾಂಬೆಯವರು, ಜಪಾನಿನ ಒಸಾಕಾದವರು, ಇಂಗ್ಲೆಂಡಿನ ಡರ್ಹಮ್‌ನವರು ಇದ್ದರು. ಎಂ.ಜಿ.ಕೆ. ಮೆನನ್ (ಮಂಗಳೂರಿನಲ್ಲಿ ಹುಟ್ಟಿದವರು), ಮಿಯಾಕೆ, ವುಲ್ಫೆಂಡೇಲ್ ದೊಡ್ಡ ಹೆಸರುಗಳು. ಜಾಗ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟ್. ಅವರ ಉಪಾಯ ನನಗೆ ಬಹಳ ಇಷ್ಟ. ಅಷ್ಟು ಆಳಕ್ಕೂ ಬರುವ ಅಲ್ಪಸ್ವಲ್ಪ ಮ್ಯುವಾನ್‌ಗಳು ನೆತ್ತಿ ಕಡೆಯಿಂದಲೇ ಬರಬೇಕು, ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಜಾಸ್ತಿ. ನ್ಯೂಟ್ರಿನೊ ಮಾತ್ರ ಎಲ್ಲ ದಿಕ್ಕಿನಿಂದಲೂ ಬರುತ್ತೆ, ಪಕ್ಕದ ಬಂಡೆಗೆ ಬಡಿದು ಒಂದು ಮ್ಯುವಾನ್ ಹುಟ್ಟಿಸುತ್ತೆ. ಹಾಗಾಗಿ ಪತ್ತೆಯಂತ್ರಗಳನ್ನು ಹಾಸಿಗೆ ಹಾಗೆ ಮಲಗಿಸದೆ, ಎದುರುಬದುರು ಎರಡು ಗೋಡೆ ಹಾಗೆ ನಿಲ್ಲಿಸಿದರು. ಮಧ್ಯೆ ನಿಯಾನ್ ಕೊಳವೆಗಳು. ಕಣ ಅಡ್ಡಡ್ಡ ಹಾದರೆ ಕೊಳವೆ ಹೊತ್ತಿಕೊಳ್ಳುತ್ತೆ, ಫೋಟೊ ಬೀಳುತ್ತೆ.

ಅದೇ ವರ್ಷ ದಕ್ಷಿಣ ಆಫ್ರಿಕಾದ ಒಂದು ಚಿನ್ನದ ಗಣಿಯಲ್ಲಿ ಫ್ರೆಡ್ ರೈನ್ಸ್ ಅವರ ತಂಡವೂ ಇದೇ ಕೆಲಸಕ್ಕೆ ಇಳಿದಿತ್ತು. ಅವರಿಗೆ ಮೊದಲ ಗುರುತು ಸಿಕ್ಕಿದ್ದು ಫೆಬ್ರವರಿಯಲ್ಲಿ, ನಮ್ಮವರಿಗಿಂತ ಮೊದಲೇ. ಆದರೆ ಅಚ್ಚಾಗಿ ಬಂದದ್ದು ನಮ್ಮದು ಮುಂಚೆ, ಆಗಸ್ಟ್ 15ಕ್ಕೆ. ಅವರದು ಆಗಸ್ಟ್ 30ಕ್ಕೆ. ವಾಟ್ಸಾಪಿನಲ್ಲಿ "ನಾವೇ ಫಸ್ಟ್" ಅಂತ ಹಾರಾಡುವವರಿಗೆ ಈ ಎರಡನ್ನೂ ಹೇಳಿ.

ಗೈಡ್ ವಿಷಯಕ್ಕೆ ನಾನು ಬರಲ್ಲ.

---

ವೈಂಡರ್_ರಿಟೈರ್ಡ್:

ನೋಡಮ್ಮಾ, ನಾನು ವೈಂಡಿಂಗ್ ಇಂಜಿನ್ ಡ್ರೈವರ್ ಆಗಿದ್ದವನು. ಕೇಜನ್ನು, ಅಂದರೆ ಗಣಿಯ ಲಿಫ್ಟನ್ನು, ಇಳಿಸೋದು, ಏರಿಸೋದು. 1976ರಿಂದ, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೆ. 65ರ ಕತೆ ನಾನು ಕಂಡಿಲ್ಲ. ಆದರೆ ಅವರೇ 1980ರಲ್ಲಿ ಇನ್ನೊಂದು ದೊಡ್ಡದು ಹಾಕಿದರಲ್ಲ, ಅದಕ್ಕೆ ಸಾಮಾನು ಇಳಿದದ್ದು ನನ್ನ ಕಣ್ಮುಂದೆ.

ಪ್ರೋಟಾನ್ ಸಾಯುತ್ತಾ ಇಲ್ಲವಾ ನೋಡೋಕೆ ಅಂತ ಹೇಳಿದರು. ನಮಗೇನು ಗೊತ್ತು. ಕಬ್ಬಿಣದ ತಗಡು, ಉದ್ದದ ಚೌಕ ಪೈಪು, ಮತ್ತೆ ತಗಡು, ಮತ್ತೆ ಪೈಪು. ಎಲ್ಲ ಸೇರಿ 140 ಟನ್ ಅಂದರು. ಕೆಳಗಿನಿಂದ ಕಲ್ಲು ಮೇಲೆ ತರೋದು ನಮ್ಮ ಕೆಲಸ. ಇವರು ಕಬ್ಬಿಣವನ್ನು ಕೆಳಗೆ ಕಳಿಸುತ್ತಿದ್ದಾರಲ್ಲ ಅಂತ ನಗುತ್ತಿದ್ದೆವು.

ಇಂಜಿನ್ ರೂಮಿನಲ್ಲಿ ನನ್ನ ಎದುರಿಗೆ ಒಂದು ದೊಡ್ಡ ಡಯಲ್ ಇರುತ್ತಿತ್ತು. ಕೇಜ್ ಎಷ್ಟು ಆಳದಲ್ಲಿದೆ ಅಂತ ಮುಳ್ಳು ತೋರಿಸುತ್ತೆ. ಕೇಜ್ ನನಗೆ ಕಾಣಲ್ಲ. ಗಂಟೆ ಸಿಗ್ನಲ್ ಕೇಳಬೇಕು, ಮುಳ್ಳು ನೋಡಬೇಕು, ಬ್ರೇಕ್ ಹಿಡಿಯಬೇಕು, ಅಷ್ಟೇ ಲೋಕ. ಅವರ ಸಾಮಾನು ಇರುವ ದಿನ ಆ ಲೆವೆಲ್‌ಗೆ ಸ್ವಲ್ಪ ಮುಂಚೆ ಡಯಲ್ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದುಕೊಳ್ಳುತ್ತಿದ್ದೆ. ಮುಳ್ಳು ಆ ಗೆರೆಗೆ ಬಂದರೆ ಹಸುಗೂಸನ್ನು ತೊಟ್ಟಿಲಿಗೆ ಮಲಗಿಸೋ ಹಾಗೆ ನಿಧಾನ. ಒಂದು ಸಲ ಅವರ ಕಡೆಯ ಹುಡುಗ, ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಮೇಲೆ ಬಂದವನು ಇಂಜಿನ್ ರೂಮಿಗೇ ಹುಡುಕಿಕೊಂಡು ಬಂದು ಟೀ ಕೊಡಿಸಿದ. ಪೈಪುಗಳಲ್ಲಿ ಒಂದೂ ಅಲುಗಾಡಿಲ್ಲ ಅಂದ. ಇಪ್ಪತ್ತೈದು ವರ್ಷದ ಸರ್ವಿಸ್‌ನಲ್ಲಿ ಇಂಜಿನ್ ರೂಮಿಗೆ ಬಂದು ಥ್ಯಾಂಕ್ಸ್ ಹೇಳಿದವನು ಅವನೊಬ್ಬನೇ.

ಮೇಲಿನವರಿಗೆ ಒಂದು ವಿಷಯ ತಿಳಿಯಲ್ಲ. ಆ ರೂಮು ಸುಮ್ನೆ ಇರಲಿಲ್ಲ. ಅಷ್ಟು ಆಳದಲ್ಲಿ ಕಲ್ಲೇ ಬಿಸಿ. ತಣ್ಣನೆ ಗಾಳಿ ಕಳಿಸಬೇಕು, ಹಗಲೂ ರಾತ್ರಿ ನೀರೆತ್ತಬೇಕು, ಕರೆಂಟ್ ಬೇಕು, ಕೇಜ್ ಬೇಕು. ರಾಕ್ ಬರ್ಸ್ಟ್ ಆದರೆ, ಅಂದರೆ ಒತ್ತಡಕ್ಕೆ ಬಂಡೆ ಸಿಡಿದರೆ, ಓಡಿಬರಲು ಜನ ಬೇಕು. ಇಷ್ಟನ್ನೂ ಮಾಡುತ್ತಿದ್ದದ್ದು ಮೂರು ಶಿಫ್ಟಿನಲ್ಲಿ ನಮ್ಮ ಜನ, ಚಿನ್ನಕ್ಕಾಗಿ. ಅವರು ನಮ್ಮ ಮನೆಯ ಜಗಲಿಯಲ್ಲಿ ಒಂದು ಮೂಲೆ ಕೇಳಿದರು, ಕೊಟ್ಟೆವು. ಚಿನ್ನ ಕಮ್ಮಿಯಾಯಿತು, ಆಳದ ಗಣಿ ಒಂದೊಂದೇ ನಿಲ್ಲಿಸಿದರು. 1990ರ ದಶಕದ ಶುರುವಿಗೆ ಅವರೂ ಗಂಟು ಕಟ್ಟಿದರು. ಪಂಪ್ ನಿಂತಿತು. ಈಗ ಆ ರೂಮಿನಲ್ಲಿ ನೀರಿದೆ.

ನಿನ್ನ ತಾತ ಯಾವ ಶಿಫ್ಟ್? ಟಿಂಬರ್‌ನವರು ಸಾಕಷ್ಟು ಜನ ನನಗೆ ಗೊತ್ತು.

---

ಡಕೋಟಾ_ಕನ್ನಡಿಗ:

ನಾನಿರೋದು ಅಮೆರಿಕದ ಸೌತ್ ಡಕೋಟಾದಲ್ಲಿ. ಇಲ್ಲಿ ಲೀಡ್ ಅಂತ ಒಂದು ಸಣ್ಣ ಊರು, ಹೋಮ್‌ಸ್ಟೇಕ್ ಅನ್ನೋ ಚಿನ್ನದ ಗಣಿ. ನಮ್ಮ ಕೆಜಿಎಫ್‌ನ ಅವಳಿ ಅಂದುಕೊಳ್ಳಿ. 1960ರ ದಶಕದ ಕೊನೆಗೆ ರೇ ಡೇವಿಸ್ ಅಲ್ಲಿ ಡ್ರೈ ಕ್ಲೀನಿಂಗ್‌ಗೆ ಬಳಸುವ ದ್ರವವನ್ನು ಸುಮಾರು 3,80,000 ಲೀಟರ್ ತುಂಬಿಟ್ಟು, ಸೂರ್ಯನಿಂದ ಬರುವ ನ್ಯೂಟ್ರಿನೊ ಎಣಿಸಿದರು. 2002ರಲ್ಲಿ ಅವರಿಗೆ ನೊಬೆಲ್ ಬಂತು. ಅದೇ ಹೊತ್ತಿಗೆ ಗಣಿ ಮುಚ್ಚಿತು. 2003ರಲ್ಲಿ ಪಂಪ್ ನಿಲ್ಲಿಸಿದರು, ನೀರು ಏರಿತು. ಇಲ್ಲಿಯವರೆಗೆ ನಿಮ್ಮ ಕತೆಯೇ.

ಆಮೇಲೆ ಬೇರೆ. 2006ರಲ್ಲಿ ಒಬ್ಬ ದಾನಿ 7 ಕೋಟಿ ಡಾಲರ್ ಕೊಡುತ್ತೇನೆ ಅಂದರು. ಸರ್ಕಾರವೂ ಕೈ ಜೋಡಿಸಿತು. 2008ರಲ್ಲಿ ಪಂಪ್ ಮತ್ತೆ ಶುರು, ಮುಂದಿನ ವರ್ಷ 4850 ಅಡಿಯ ಲೆವೆಲ್ ಒಣಗಿತು. ಈಗ ಅಲ್ಲಿ ಸ್ಯಾನ್‌ಫರ್ಡ್ ಪ್ರಯೋಗಾಲಯ ಇದೆ.

ಆರ್ಕಿಟೆಕ್ಚರ್ ಓದುವವರಿಗೆ ಇದು ಬೇಕಾಗಬಹುದು. ಊರಿನ ಮೇನ್ ರೋಡಿಗೆ ಅಂಟಿಕೊಂಡೇ ಗಣಿಯ ದೊಡ್ಡ ಗುಂಡಿ ಇದೆ, ಅದರ ಅಂಚಿನಲ್ಲೇ ವಿಸಿಟರ್ ಸೆಂಟರ್ ಕಟ್ಟಿದ್ದಾರೆ. ಪ್ರತಿ ಬೇಸಿಗೆಯಲ್ಲಿ ನ್ಯೂಟ್ರಿನೊ ಡೇ ಅಂತ ಮಾಡುತ್ತಾರೆ, ಬಿಟ್ಟಿ. ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ನಮ್ಮೂರ ತೇರಿನ ಥರವೇ, ತೇರೊಂದು ಇಲ್ಲ ಅಷ್ಟೇ.

ಆದರೆ ಕೆಜಿಎಫ್‌ನಲ್ಲೂ ಹೀಗೇ ಆಗಬೇಕಿತ್ತು ಅಂತ ಸುಲಭವಾಗಿ ಹೇಳಲಾರೆ. ದೊಡ್ಡ ದುಡ್ಡು ಬಂದದ್ದರಿಂದ ಆದದ್ದು ಅದು. ಲೀಡ್ ಪುಟ್ಟ ಊರು, ನಿಮ್ಮದು ದೊಡ್ಡದು, ಬೆಳಗ್ಗೆ ಎದ್ದರೆ ಬೆಂಗಳೂರಿನ ಟ್ರೈನ್ ಹಿಡಿಯುವ ಊರು.

---

ಉರಿಗಾಂ_ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ವೈಂಡರ್ ಸರ್, ನಿಮ್ಮ ಸೀಮೆಸುಣ್ಣದ ಗೆರೆಯನ್ನು ಗೈಡ್‌ಗೆ ಓದಿ ಹೇಳಿದೆ. ಸುಮ್ಮನಾದರು. "ಸೆಕ್ಷನ್ ಬರೆದು ತೋರಿಸು, ನೋಡೋಣ" ಅಂದರು. ಸೆಕ್ಷನ್ ಅಂದರೆ ನೆಲವನ್ನು ಉದ್ದಕ್ಕೆ ಸೀಳಿದ ಹಾಗೆ ತೋರಿಸುವ ನಕ್ಷೆ. ತಾತ ನೈಟ್ ಶಿಫ್ಟ್ ಜಾಸ್ತಿ ಮಾಡುತ್ತಿದ್ದರು ಅಂತ ಅಜ್ಜಿ ಹೇಳುತ್ತಾರೆ.

ಡಕೋಟಾ ಸರ್, ಟ್ರೈನ್ ಮಾತು ನೂರಕ್ಕೆ ನೂರು ನಿಜ. ನನ್ನ ನೋಟ್‌ಬುಕ್ಕಿನಲ್ಲಿ ಕ್ಲಬ್ಬು, ಪಾರ್ಕು, ಮೈದಾನ ಎಲ್ಲಕ್ಕಿಂತ ಜಾಸ್ತಿ ಪುಟ ಹೋಗಿರೋದು ಸ್ಟೇಷನ್ನಿಗೇ. ಮಾರಿಕುಪ್ಪಂನಿಂದ ಬರುವ ಬೆಳಗಿನ ಗಾಡಿಗೆ ಒಂದೇ ಗುಂಪು, ದಿನಾ ಅದೇ ಜಾಗದಲ್ಲಿ ನಿಲ್ಲುತ್ತೆ. ಹೂ ಕಟ್ಟುವವರು, ಇಸ್ಪೀಟಿನವರು, ನಿಂತೇ ನಿದ್ದೆ ಮಾಡುವವರು. ಒಬ್ಬರು ಬರದಿದ್ದರೆ ಮನೆಯವರಿಗಿಂತ ಮೊದಲು ಪ್ಲಾಟ್‌ಫಾರ್ಮಿಗೆ ಗೊತ್ತಾಗುತ್ತೆ. ಮೊದಲು ಶಿಫ್ಟಿನ ಸೈರನ್ ಕೂಗಿದರೆ ಕೆಳಗೆ ಹೋಗುತ್ತಿದ್ದ ಜನ. ಈಗ ಹಾರ್ನ್ ಕೇಳಿದರೆ ಪಕ್ಕದ ಊರಿಗೆ ಹೋಗುತ್ತಾರೆ.

ಈಗ ಸಮಸ್ಯೆ ಕಾಗದದ್ದು. ಜನ ಕಾಣಬೇಕು ಅಂದರೆ 1:200 ಸ್ಕೇಲ್ ಬೇಕು. ಅದರಲ್ಲಿ ನಮ್ಮ ಅಜ್ಜಿ 8 ಮಿಲಿಮೀಟರ್ ಬರುತ್ತಾರೆ, ಕೊಡೆ ಹಿಡಿದಿದ್ದರೆ ಕೊಡೆ ಗೊತ್ತಾಗುತ್ತೆ. ಅದೇ ಸ್ಕೇಲಿನಲ್ಲಿ 2.3 ಕಿಲೋಮೀಟರ್ ಕೆಳಗಿಳಿದರೆ ಕಾಗದ ಹನ್ನೊಂದೂವರೆ ಮೀಟರ್ ಉದ್ದ. ಮೇಲೆ ಒಂದು ಗೇಣು ಊರು, ಉಳಿದದ್ದೆಲ್ಲ ಬಂಡೆ, ತುದಿಯಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ರೂಮು. ಇಷ್ಟುದ್ದ ಹಾಸೋಕೆ ನಮ್ಮ ಸ್ಟುಡಿಯೋದಲ್ಲಿ ಜಾಗವೇ ಇಲ್ಲ. ಚಾಂಪಿಯನ್ ಸ್ಟೇಷನ್ ಪ್ಲಾಟ್‌ಫಾರ್ಮ್ ಮೇಲೆ ಭಾನುವಾರ ಹಾಸಬಹುದು ಅಂತ ಯೋಚನೆ. ಜನ ಮೇಲೆ ಕಾಲಿಡದ ಹಾಗೆ ನೋಡಿಕೊಂಡರೆ ಆಯಿತು, ಅಲ್ವಾ?

---

ವೈಂಡರ್_ರಿಟೈರ್ಡ್:

ಮೊದಲು ಸ್ಟೇಷನ್ ಮಾಸ್ಟರ್‌ಗೆ ಹೇಳಮ್ಮಾ. ಹನ್ನೊಂದು ಗಂಟೆ ಮೇಲೆ ಬಾ, ಗಾಡಿ ಗಲಾಟೆ ಇರಲ್ಲ. ಗಾಳಿ ಜಾಸ್ತಿ, ಕಾಗದದ ಮೇಲೆ ಇಡೋಕೆ ನಾಲ್ಕು ಕಲ್ಲು ನಾನು ತರುತ್ತೇನೆ. ಕೆಳಗಿನಿಂದ ತಂದದ್ದು ಮನೆಯಲ್ಲಿದೆ. ರೂಮಿನ ಗುರುತು ನೀನು ಹಾಕಬೇಡ, ಖಾಲಿ ಬಿಟ್ಟಿರು. ಸೀಮೆಸುಣ್ಣ ನನ್ನ ಹತ್ತಿರ ಇದೆ.